ಮಾವ ಹಾಸಿದ ಹಳೆ ಪೇಪರ್

ಮನೆಯ ಕಂಪ್ಯೂಟರಿಗೆ ಪ್ರಥಮ ಬಾರಿಗೆ ಬಿಸಿಯಾಗದಂತೆ ಪೈಪಿನಲ್ಲಿ ನೀರು ಹರಿಸುವ ಕೂಲಿಂಗ್ ಜೋಡಿಸಿ ಸ್ವಿಚ್ಚಿಗೆ ಕೈಚಾಚಿದ ನನ್ನನ್ನು, ಮೀನುಗಾರಿಕಾ ಬೋಟಿನ ನಿವೃತ್ತ ಚಾಲಕರಾದ ಸೋದರಮಾವನವರು ತಡೆದರೆಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

“ಎಂತ ಅವಸರ ಮಾರಾಯ? ಎಂಜಿನಿಗೆ ಹೊಸ ಪೈಪ್ ಹಾಕಿದ ದಿನವೇ ಕಡಲಿಗೆ ಹೋಗುವುದುಂಟಾ? ಬೋಟನ್ನು ದಡದ ದಕ್ಕೆಯಲ್ಲೇ ಕಟ್ಟಿ ಓಡಿಸಿ ನೋಡುವುದು.”

ಅವರ ಆದೇಶದ ಮೇರೆಗೆ ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪನ್ನು ಮಾತ್ರ ಪ್ರತ್ಯೇಕವಾಗಿ ಚಾಲನೆಗೊಳಿಸಲಾಯಿತು. ಪ್ರತಿ ಜೋಡಣೆಯ ಕೆಳಗೂ ಹಳೆ ಪೇಪರ್ ಹಾಸಿ, ಅವರು ಕುರ್ಚಿ ಎಳೆದು ಕುಳಿತರು. ಸಂಜೆ ಒಂದು ಪೇಪರಿನಲ್ಲಿ ಬೊಟ್ಟಿನಷ್ಟು ಒದ್ದೆ ಕಾಣಿಸಿತು. ನಾನು ಎಡಿಟ್ ಮಾಡಿಕೊಡಬೇಕಿದ್ದ ಗಿರಾಕಿಗಳ ಮದುವೆ ವಿಡಿಯೊಗಳೆಲ್ಲ ಅದೇ ಕಂಪ್ಯೂಟರಿನಲ್ಲಿದ್ದವು.

ಮಾವನವರೇ ಆ ಜೋಡಣೆಯನ್ನು ಬಿಗಿಗೊಳಿಸಿ ತಿಂಗಳಾಯಿತು, ಮತ್ತೆ ಸೋರಿಲ್ಲ. ಆದಾಗ್ಯೂ ದಿನಾ ಬೆಳಿಗ್ಗೆ ಅವರು ಪೈಪಿನಡಿ ಅಂಗೈ ಆಡಿಸಿ “ಹೊರಡಲಿ” ಎಂದ ಬಳಿಕವೇ ನಾನು ಸ್ವಿಚ್ ಒತ್ತುವ ಕ್ರಮ ಜಾರಿಯಲ್ಲಿದೆ.