ನೀರಿನ ಹೊತ್ತಿಗೆ ಬಿಚ್ಚುವ ಬಿದಿರು

ಡೊಂಬಿವಲಿ ಪೂರ್ವದ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೇದಿಕೆಗೆ ಬಟ್ಟೆ ಸುತ್ತುವವರು ಸುತ್ತುತ್ತಿದ್ದಾರೆ. ಕುರ್ಚಿ ಹೇರಿದ ಟೆಂಪೊ ಹಿಮ್ಮುಖವಾಗಿ ಗೇಟಿನೊಳಗೆ ನುಸುಳುತ್ತಿದೆ. ಕಂಬ ಹತ್ತಿ ಧ್ವನಿವರ್ಧಕ ಕಟ್ಟುವವನು ಅಲ್ಲಿಂದಲೇ ಚಹಾಕ್ಕೆ ಕೂಗುತ್ತಿದ್ದಾನೆ. ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಹಿಂಬದಿಯ ಮೂಲೆಯಲ್ಲಿ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಬಿದಿರಿನ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಭಾವೂ, ಯೇ ವಾಲಾ ಬಾಂಬೂ ಕಸ್‌ಕೇ ಮತ್ ಬಾಂಧೋ," ಎನ್ನುತ್ತಾರೆ. ಇದೊಂದನ್ನು ಬಿಗಿದು ಕಟ್ಟಬೇಡ ಎಂದು. ಮಂಡಪದವನು ತಲೆ ಎತ್ತದೆ, "ಮಾಹಿತ್ ಆಹೆ ತಾಯಿ," ಎನ್ನುತ್ತಾನೆ. ಅವನಿಗೆ ಗೊತ್ತು. ಹಗ್ಗದ ಎರಡು ಕುಣಿಕೆ ಮಾಡಿ, ಬಿದಿರನ್ನು ಅದರೊಳಗೆ ಸುಮ್ಮನೆ ಇಳಿಬಿಟ್ಟು ಮುಂದಕ್ಕೆ ಹೋಗುತ್ತಾನೆ. ಹೊರಗಿನಿಂದ ನೋಡಿದವರಿಗೆ ಅದೂ ಬೇರೆ ಬಿದಿರುಗಳಂತೆಯೇ ಭದ್ರ. ಎತ್ತಿದರೆ ಮಾತ್ರ ಒಂದೇ ಕೈಗೆ ಬರುತ್ತದೆ, ಆಚೆ ರಸ್ತೆ.

ಇವರು ಪ್ರಫುಲ್ಲಾ. ಊರವರಿಗೂ ಪರವೂರವರಿಗೂ ಪ್ರಫುಲ್ಲಕ್ಕ. ಸಂಜೆ ಇಲ್ಲಿ ಚುನಾವಣಾ ಸಭೆ. ಹೆಂಗಸರ ವಿಭಾಗ ಪೂರ್ತಿ ಇವರ ಕೈಯಲ್ಲಿ: ಕುರ್ಚಿ, ಕುಡಿಯುವ ನೀರು, ಮುದುಕಿಯರಿಗೆ ನೆರಳು, ಅಳುವ ಮಗುವಿಗೆ ಜಾಗ. ಸಂಬಳವಿಲ್ಲ, ಹುದ್ದೆಯಿಲ್ಲ, ಎದೆಗೆ ಚುಚ್ಚಿಕೊಂಡ ಕಾಗದದ ಹೂವು ಕೂಡ ಮಧ್ಯಾಹ್ನದೊಳಗೆ ಎಲ್ಲೋ ಬಿದ್ದುಹೋಗುತ್ತದೆ. ಯಾವ ಪಕ್ಷ ಎಂದು ಕೇಳಿದರೆ ನಗುತ್ತಾರೆ. "ಅದು ಬರೀಬೇಡಿ ಮಾರಾಯ್ರೆ. ಕುರ್ಚಿ ಎಲ್ಲಾ ಪಕ್ಷದ್ದೂ ಒಂದೇ ಡೆಕೊರೇಟರ್‌ನದ್ದು."

ಕಾಪು ಕಡೆಯ ಹುಡುಗಿ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಗಂಡ ಶೇಖರ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಲೋಕಲ್ ಹತ್ತಿದ ಗಂಡ ತಿರುಗಿ ಬರುವವರೆಗೆ ಹೊಸ ಮದುಮಗಳಿಗೆ ಮಾತಿಗೆ ಜನವಿರಲಿಲ್ಲ. ಹಿಂದಿ ಬಾರದು, ಮರಾಠಿಯಂತೂ ದೂರ. ಹೊಲಿಗೆ ಯಂತ್ರ ಬಂದ ಮೇಲೆ ಮಾತೂ ಬಂತು. ಉಲ್ಹಾಸನಗರದ ಅಂಗಡಿಗಳಿಂದ ಸೀರೆಗಳ ಕಟ್ಟು ತಂದು ಫಾಲ್ ಹಚ್ಚಿ, ಪಿಕೋ ಮಾಡಿ ವಾಪಸ್ ಕೊಡುವ ಕೆಲಸ ಅದು. ಕೈಹೊಲಿಗೆಗೆ ಒಬ್ಬರೇ ಸಾಲದಾದಾಗ ಗುಡ್ಡದ ಇಳಿಜಾರಿನ ಚಾಳುಗಳ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗಳ, ಹೆಂಗಸರಿಗೂ ಹಂಚಿದರು. ಹಾಗೆ ಮನೆಮನೆ ಹತ್ತಿ ಇಳಿದು, ಯಾರ ಮಗಳಿಗೆ ಪರೀಕ್ಷೆ, ಯಾರ ಅತ್ತೆಗೆ ಮಂಡಿನೋವು ಎಂದೆಲ್ಲ ಕೇಳುತ್ತಾ ಕೂರುವುದು ಇವರ ಅಭ್ಯಾಸವಾಗಿ ಹೋಯಿತು.

ಎರಡು ಸಾವಿರದ ನಾಲ್ಕರ ಚುನಾವಣೆಗೆ ಮೊದಲ ಸಲ ಕರೆ ಬಂತು. ರಂಗೋಲಿ ಹಾಕಲು ಕರೆದವರು, ಇವರ ಹಿಂದೆ ಬಂದ ಹೆಂಗಸರ ಸಾಲು ನೋಡಿ, ರಂಗೋಲಿ ಸಾಕು ಕುರ್ಚಿ ನೋಡಿಕೊಳ್ಳಿ ಎಂದರಂತೆ. ಅಂದಿನಿಂದ ಲೋಕಸಭೆ, ವಿಧಾನಸಭೆ, ಪಾಲಿಕೆ ಒಂದನ್ನೂ ಬಿಟ್ಟಿಲ್ಲ. ಚುನಾವಣೆ ಬರುವುದು ಮದುವೆಯ ಕಾಲದಲ್ಲೇ ಆದರೆ ಮನೆತುಂಬ ಸೀರೆಗಳ ರಾಶಿ, ಅಂಗಡಿಯವರ ಫೋನು, ಹೊರಗೆ ಸಭೆಗಳ ಅವಸರ. ಆಗ ಅಡಿಗೆಮನೆ ಶೇಖರರದು. "ಎಲೆಕ್ಷನ್ ಬಂದರೆ ನಮ್ಮನೇಲಿ ನೀತಿಸಂಹಿತೆ. ಗಂಜಿ, ಉಪ್ಪಿನಕಾಯಿ, ಅದರ ಮೇಲೆ ಮಾತಾಡುವ ಹಾಗಿಲ್ಲ," ಎಂದು ಅವರು ಹೆಂಡತಿಗೆ ಕೇಳಿಸುವಂತೆಯೇ ದೂರುತ್ತಾರೆ.

ಇಷ್ಟು ವರ್ಷದಲ್ಲಿ ಪ್ರಫುಲ್ಲಕ್ಕ ಒಂದು ಭಾಷಣವನ್ನೂ ಪೂರ್ತಿ ಕೇಳಿದವರಲ್ಲ. ವೇದಿಕೆಗೆ ಬೆನ್ನು ಹಾಕಿ, ಹೆಂಗಸರಿಗೆ ಮುಖ ಮಾಡಿ ನಿಲ್ಲುವ ಕೆಲಸ ಅವರದು. ದೊಡ್ಡ ದೊಡ್ಡ ನಾಯಕರು ಅವರಿಗೆ ಹಿಂದಿನಿಂದ ಬರುವ ಬರೀ ಧ್ವನಿ. ಚಪ್ಪಾಳೆ ಬಿದ್ದರೆ ಒಳ್ಳೆ ಮಾತು ಹೇಳಿದ್ದಾರೆ ಎಂದು ತಿಳಿಯಬೇಕು, ಅಷ್ಟೆ.

ಆ ಬಿದಿರಿನ ಕಥೆ ಹುಟ್ಟಿದ್ದು ೨೦೦೯ರಲ್ಲಿ. ಇಳಿಜಾರಿನ ಚಾಳುಗಳಿಗೆ ನಲ್ಲಿ ನೀರು ಬರುವುದು ಸಂಜೆ, ಅದೂ ಸ್ವಲ್ಪ ಹೊತ್ತು. ಆ ಹೊತ್ತಿಗೆ ಮನೆಯಲ್ಲಿ ಇದ್ದವರಿಗೆ ನೀರು, ಇಲ್ಲದವರಿಗೆ ಮರುದಿನದ ತನಕ ಖಾಲಿ ಕೊಡ. ಸಭೆಯ ಸಮಯ ನಿಗದಿ ಮಾಡಿದ ಮಹನೀಯರ ಮನೆಗಳಲ್ಲಿ ಮಾಳಿಗೆಯ ಮೇಲೆ ಟಾಂಕಿ ಇದೆ, ಅವರಿಗೆ ಈ ವಿಚಾರ ಹೊಳೆಯುವುದಾದರೂ ಹೇಗೆ? ನೀರಿನ ಹೊತ್ತಿಗೇ ಸಭೆ ಇಟ್ಟರು. ನಾಯಕರು ತಡಮಾಡಿದರು. ಹೆಂಗಸರ ವಿಭಾಗಕ್ಕೆ ಸುತ್ತಲೂ ಬಿದಿರು ಬಿಗಿದಿತ್ತು, ಇದ್ದ ಒಂದು ದಾರಿಯನ್ನು ನಾಯಕರ ಗಾಡಿಗಳಿಗೆಂದು ತಡೆದಿದ್ದರು. ಐದೇ ನಿಮಿಷ, ಐದೇ ನಿಮಿಷ ಎನ್ನುತ್ತಾ ನೀರಿನ ಹೊತ್ತು ಕಳೆದೇಹೋಯಿತು.

ಮರುದಿನ ಪೈಪು ರಿಪೇರಿಯೆಂದು ನೀರೇ ಬರಲಿಲ್ಲ. ಕಲಬುರಗಿ ಕಡೆಯ ಗುರಮ್ಮ, ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತವರು, ಮನೆಯಲ್ಲಿ ಆಗ ಬಾಣಂತಿ ಸೊಸೆಯನ್ನು ಇಟ್ಟುಕೊಂಡಿದ್ದರು. ಪ್ರಫುಲ್ಲಕ್ಕ ತಮ್ಮ ಬಿಲ್ಡಿಂಗಿನಿಂದ ಕೊಡ ಹೊತ್ತು ಗುಡ್ಡ ಹತ್ತಿದರು, ಶೇಖರ ರಜೆ ಹಾಕಿ ಇನ್ನೊಂದು ಕೊಡ ಹೊತ್ತರು. ಗುರಮ್ಮ ನೀರು ಇಳಿಸಿಕೊಂಡರು, ಬೈಯಲಿಲ್ಲ. ಒಂದೇ ಮಾತು ಹೇಳಿದರು: "ಅಕ್ಕಾ, ನೀವ್ ಕರದ್ರಂತ ಬಂದೀವ್ರಿ ನಾವು. ಮಂದಿ ಮಾರಿ ನೋಡಿ ಬಂದಿಲ್ಲ. ಇನ್ನ ಮ್ಯಾಲ ಎದ್ದು ಹೋಗಾಕ ದಾರಿ ಇದ್ರಷ್ಟ ಕರೀರಿ."

"ಬೈದಿದ್ರೆ ಎರಡು ದಿನದಲ್ಲಿ ಮರೆತುಹೋಗ್ತಿತ್ತು," ಎನ್ನುತ್ತಾರೆ ಪ್ರಫುಲ್ಲಕ್ಕ. "ಹಾಗೆ ಹೇಳಿದ್ದು ಇನ್ನೂ ಉಂಟು ಇಲ್ಲಿ," ಎಂದು ಎದೆ ಮುಟ್ಟಿಕೊಳ್ಳುತ್ತಾರೆ. ಆವತ್ತೇ ಮಾತು ಕೊಟ್ಟರು: ನೀರಿನ ಹೊತ್ತಿಗೆ ದಾರಿ ಬಿಡಿಸುವ ಜವಾಬ್ದಾರಿ ತನ್ನದು. ಐದು ವರ್ಷದಿಂದ ಒಂದು ಸಭೆಯಲ್ಲೂ ಆ ಮಾತು ತಪ್ಪಿಲ್ಲ. ತಪ್ಪಿದರೆ ಮುಂದೆ ಯಾವ ಚಾಳಿನ ಬಾಗಿಲೂ ತನಗೆ ತೆರೆಯುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಇಂದಿನ ಸಭೆಯ ಉಸ್ತುವಾರಿ ಹೊಸಬರದು. ವಿಕಾಸ್, ಉಡುಪಿ ಮೂಲದ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಸೀವುಡ್ಸ್‌ನ ಕಚೇರಿಗೆ ರಜೆ ಹಾಕಿ ಪಕ್ಷದ ಕೆಲಸಕ್ಕೆ ಇಳಿದಿದ್ದಾರೆ. ಕೆಟ್ಟ ಮನುಷ್ಯ ಖಂಡಿತ ಅಲ್ಲ, ಆದರೆ ಇಂದು ಟಿವಿಯವರು ಬರುತ್ತಾರೆಂಬ ಚಿಂತೆ ಅವರ ತಲೆಗೆ ಏರಿ ಕುಳಿತಿದೆ. ಮಧ್ಯಾಹ್ನ ಮೈದಾನ ಸುತ್ತುವಾಗ ಆ ಬಿದಿರು ಕೈಗೆ ಬಂದದ್ದೇ ತಡ, ಎಲೆಕ್ಟ್ರಿಷಿಯನ್ ಹತ್ತಿರ ತಂತಿ ಇಸಿದುಕೊಂಡು ತಾವೇ ಸುತ್ತಿ ಬಿಗಿದಿದ್ದಾರೆ. ಪ್ರಫುಲ್ಲಕ್ಕ ಆಗ ಗೇಟಿನಲ್ಲಿ ಹೆಂಗಸರನ್ನು ಒಳಗೆ ಬಿಡುತ್ತಿದ್ದರು.

ಸಂಜೆಯಾಗುತ್ತದೆ. ಕುರ್ಚಿಗಳು ತುಂಬಿವೆ, ಬಣ್ಣಬಣ್ಣದ ಟೋಪಿಗಳು ಬೀಸಣಿಕೆಗಳಾಗಿವೆ. ನಡುವೆ ನಾಯಕರಿಗೆಂದು ಕೆಂಪು ಹಾಸು ಹಾಸಿದೆ, ಅದರ ತುದಿಯಲ್ಲಿ ಟಿವಿಯವರು ಕ್ಯಾಮೆರಾ ನಿಲ್ಲಿಸಿದ್ದಾರೆ. ನಾಯಕರ ಗಾಡಿಗಳು ಮುಂಬ್ರಾ ಬೈಪಾಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿವೆ ಎಂಬ ಸುದ್ದಿ ಬರುತ್ತದೆ. ವೇದಿಕೆಯ ಮೇಲೆ ಸಣ್ಣ ನಾಯಕರು ಮೈಕು ಒಬ್ಬರಿಂದೊಬ್ಬರು ಕಿತ್ತುಕೊಂಡು ಹೊತ್ತು ನೂಕುತ್ತಿದ್ದಾರೆ. ಅಷ್ಟರಲ್ಲಿ ನಡುಸಾಲಿನಲ್ಲಿ ಗುರಮ್ಮ ಎದ್ದು ನಿಲ್ಲುತ್ತಾರೆ. ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸೀರೆಯ ನೆರಿಗೆ ಸರಿಮಾಡಿಕೊಂಡು ಪ್ರಫುಲ್ಲಕ್ಕನ ಕಡೆ ನೋಡುತ್ತಾರೆ. ಹಿಂದೆಯೇ ಇಡೀ ಸಾಲು ಏಳುತ್ತದೆ.

ಪ್ರಫುಲ್ಲಕ್ಕ ಮೂಲೆಗೆ ಹೋಗಿ ಬಿದಿರಿಗೆ ಕೈ ಹಾಕುತ್ತಾರೆ, ಅದು ಅಲ್ಲಾಡುವುದಿಲ್ಲ. ಬಗ್ಗಿ ನೋಡಿದರೆ ತಂತಿ. ಸೊಂಟದ ಚೀಲದಲ್ಲಿ ಸದಾ ಇರುವ ಹೊಲಿಗೆಯ ಕತ್ತರಿ ತೆಗೆದು ಒತ್ತುತ್ತಾರೆ. ದಾರ ಕತ್ತರಿಸುವ ಕತ್ತರಿ ಅದು, ತಂತಿಯ ಮುಂದೆ ಅದರದೇನು ನಡೆದೀತು? ಬೆರಳು ತರಚಿದ್ದಷ್ಟೇ ಬಂತು. ಅಷ್ಟು ಹೊತ್ತಿಗೆ ವಿಕಾಸ್ ಓಡಿ ಬರುತ್ತಾರೆ.

"ಆಂಟಿ ಪ್ಲೀಸ್, ಆಜ್ ನಹೀಂ. ಖಾಲಿ ಕುರ್ಚಿ ಟಿವಿಯಲ್ಲಿ ಬಂದ್ರೆ ನನ್ನ ವಾಟ್ ಲಗ್ತದೆ, ನನ್ನ ಕಥೆ ಮುಗೀತದೆ. ಬಸ್ ಪಾಂಚ್ ಮಿನಿಟ್."

"ಐದು ವರ್ಷದ ಹಿಂದೆಯೂ ಇದೇ ಐದು ನಿಮಿಷ ಹೇಳಿದ್ದು ಮಗಾ," ಎನ್ನುತ್ತಾರೆ ಪ್ರಫುಲ್ಲಕ್ಕ. ಧ್ವನಿ ಏರಿಲ್ಲ. "ನಾನು ಅವರಿಗೆ ಮಾತು ಕೊಟ್ಟಿದ್ದೇನೆ. ಈ ದಾರಿ ಬಿಡ್ತೀಯ, ಅಲ್ಲ ಬೇರೆ ದಾರಿ ನೋಡ್ಬೇಕಾ?"

ವಿಕಾಸ್ ಬಿದಿರಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಪ್ರಫುಲ್ಲಕ್ಕ ಹೆಂಗಸರ ನಡುವೆ ಬಂದು, ಒಂದು ಖಾಲಿ ಕುರ್ಚಿ ಹತ್ತಿ ನಿಲ್ಲುತ್ತಾರೆ. ಮೈಕು ಬೇಕಾಗುವ ಗಂಟಲಲ್ಲ ಅದು.

"ಹಿಂದಿನ ದಾರಿ ಮುಚ್ಚಿದ್ದಾರೆ. ಎದುರಿನ ದಾರಿ ಉಂಟಲ್ಲ, ನಡುವಿನ ಕೆಂಪು ಹಾಸಿನ ಮೇಲೆಯೇ ಹೋಗುವ. ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ, ಪಾಪ, ಹಾಸು ಮಣ್ಣಾಗುದು ಬೇಡ. ನೀರು ತುಂಬಿ, ದೇವರಿಗೆ ದೀಪ ಇಟ್ಟು, ಬರ್ಲಿಕ್ಕೆ ಆಗುವವರೆಲ್ಲ ತಿರುಗಿ ಬನ್ನಿ. ನಿಮ್ಮ ಕುರ್ಚಿ ನಾನು ಯಾರಿಗೂ ಕೊಡುದಿಲ್ಲ."

ಮರಾಠಿಯಲ್ಲಿ ಇನ್ನೊಮ್ಮೆ, ಹಿಂದಿಯಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಆಮೇಲೆ ನಡೆದದ್ದನ್ನು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿದ ಹೆಂಗಸರು ಮಾತ್ರ ಮಾಡಿಯಾರು. ಒಬ್ಬೊಬ್ಬರೂ ತಮ್ಮ ಕುರ್ಚಿಯ ಮೇಲೆ ಕೈ ಒರೆಸುವ ರುಮಾಲನ್ನೋ, ಪಕ್ಷದ ಟೋಪಿಯನ್ನೋ, ಖಾಲಿ ನೀರಿನ ಬಾಟಲಿಯನ್ನೋ ಇಡುತ್ತಾರೆ. ಜಾಗ ಹಿಡಿದಾಯಿತು. ಚಪ್ಪಲಿಗಳು ಕೈಗೆ ಬರುತ್ತವೆ, ಗುರಮ್ಮ ಮುಂದಾಗಿ ಸಾಲು ಕೆಂಪು ಹಾಸಿನತ್ತ, ಅಂದರೆ ಟಿವಿ ಕ್ಯಾಮೆರಾಗಳತ್ತ ಹೊರಡುತ್ತದೆ.

ವಿಕಾಸ್ ಬಿದಿರಿನಿಂದ ಬೆನ್ನು ತೆಗೆಯುತ್ತಾರೆ. ಇಕ್ಕಳ ಎಲ್ಲಿ, ಇಕ್ಕಳ ಎಲ್ಲಿ ಎಂದು ಕೂಗುತ್ತಾ ಎಲೆಕ್ಟ್ರಿಷಿಯನ್ ಕಡೆ ಓಡುತ್ತಾರೆ. ತಾವು ಸುತ್ತಿದ ತಂತಿಯನ್ನು ತಾವೇ ಬಿಚ್ಚಿ, ಬಿದಿರನ್ನು ಎತ್ತಿ ಹಿಡಿದು ನಿಲ್ಲುತ್ತಾರೆ. ಪ್ರಫುಲ್ಲಕ್ಕ ಸಾಲನ್ನು ಹಿಂದಕ್ಕೆ ತಿರುಗಿಸುತ್ತಾರೆ. ಹೆಂಗಸರು ಬಿದಿರಿನ ಕೆಳಗೆ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ರಸ್ತೆಗೆ ದಾಟಿಹೋಗುತ್ತಾರೆ. ಎತ್ತಿ ಹಿಡಿದವರಿಗೆ ಒಂದಿಬ್ಬರು ಥ್ಯಾಂಕ್ಯೂ ಕೂಡ ಹೇಳುತ್ತಾರೆ.

ಆಮೇಲಿನ ಹೊತ್ತು ಉದ್ದದ್ದು. ಗಂಡಸರ ಕಡೆಯಿಂದ ಕುರ್ಚಿ ಕೇಳಿಕೊಂಡು ಬಂದವರನ್ನು ಪ್ರಫುಲ್ಲಕ್ಕ ಹಾಗೇ ವಾಪಸ್ ಅಟ್ಟುತ್ತಾರೆ. "ರುಮಾಲು ಕಾಣುದಿಲ್ವಾ? ಜನ ಇದ್ದಾರೆ." ವಿಕಾಸ್ ಒಮ್ಮೆ ಗೇಟು ನೋಡುತ್ತಾರೆ, ಒಮ್ಮೆ ಬಿದಿರು ನೋಡುತ್ತಾರೆ. ಬರುತ್ತಾರಾ ಆಂಟಿ ಎಂದು ಕೇಳಿಯೂ ಬಿಡುತ್ತಾರೆ. ಬರುತ್ತಾರೆ ಎಂದು ಪ್ರಫುಲ್ಲಕ್ಕ ಹೇಳುತ್ತಾರೆ. ಹೇಳುವಾಗ ಅವರ ಕೈ ಮಾತ್ರ ಕತ್ತರಿಯನ್ನು ಚೀಲದಿಂದ ತೆಗೆದು ಮತ್ತೆ ಚೀಲಕ್ಕೆ ಹಾಕುತ್ತಿದೆ. ಹೆದರಿಕೆ ಆಗಿತ್ತಾ? "ಆಗದೆ ಏನು? ಅವರು ಬಾರದಿದ್ದರೆ ನಾಳೆಯಿಂದ ಆ ಬಿದಿರನ್ನು ಎಲ್ಲಾ ಕಡೆ ತಂತಿ ಹಾಕಿಯೇ ಕಟ್ತಿದ್ರು."

ಮೈದಾನದ ದೀಪ ಹತ್ತುವ ಹೊತ್ತಿಗೆ ಮೂಲೆಯ ಕತ್ತಲಿನಿಂದ ಮೊದಲು ಬಂದವರು ಗುರಮ್ಮ. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ, ಹಣೆಯಲ್ಲಿ ಹೊಸ ಕುಂಕುಮ. ಹಿಂದೆ ಉಳಿದವರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಕೆಲವರಿಗೆ ಅಡಿಗೆ, ಕೆಲವರಿಗೆ ಟಿವಿ ಧಾರಾವಾಹಿ. ಆದರೆ ಬಾರದವರ ಬದಲು ಅವರ ಅತ್ತೆ, ನಾದಿನಿ, ಪಕ್ಕದ ಮನೆಯವರು ಬಂದು ರುಮಾಲಿನ ಗುರುತು ಹೇಳಿ ಕುಳಿತರು. ನಾಯಕರು ಬಂದಾಗ ಹೆಂಗಸರ ಕಡೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

ವೇದಿಕೆಯಿಂದ ಮೊದಲ ಮಾತೇ ತಾಯಂದಿರ ಬಗ್ಗೆ. ಇಷ್ಟು ಹೊತ್ತು ಅಲ್ಲಾಡದೆ ತಮಗಾಗಿ ಕಾದು ಕುಳಿತ ತಾಯಂದಿರಿಗೆ ನಾಯಕರು ಕೈಮುಗಿಯುತ್ತಾರೆ. ಕ್ಯಾಮೆರಾಗಳು ಹೆಂಗಸರ ಕಡೆ ತಿರುಗುತ್ತವೆ. ಗುರಮ್ಮ ಸೆರಗು ಬಾಯಿಗಿಟ್ಟು ಪಕ್ಕದವರಿಗೆ ಹೇಳುತ್ತಾರೆ: "ನಾವೆಲ್ಲಿ ಕಾದೇವ್ರಿ ಯವ್ವಾ? ನೀರ ತುಂಬಿ, ಸೊಸಿಗೆ ರೊಟ್ಟಿ ಹಿಟ್ಟ ತಗದಿಟ್ಟು ಬಂದೇವಿ." ಸಾಲಿಗೆ ಸಾಲೇ ನಗುತ್ತದೆ. ವೇದಿಕೆಯವರಿಗೆ ಅದು ಹರ್ಷವಾಗಿ ಕೇಳಿಸಿತೋ ಏನೋ, ಅವರೂ ನಗುತ್ತಾರೆ.

ಮರುದಿನ ಬೆಳಿಗ್ಗೆ ಪ್ರಫುಲ್ಲಕ್ಕ ಮನೆಯಲ್ಲಿ ಯಂತ್ರದ ಮುಂದೆ ಕುಳಿತಿದ್ದಾರೆ. ಬೆರಳಿಗೆ ಪಟ್ಟಿ, ಗಂಟಲು ಪೂರ್ತಿ ಕೂತಿದೆ, ಪಕ್ಕದಲ್ಲಿ ಉಲ್ಹಾಸನಗರಕ್ಕೆ ಇಂದೇ ಹೋಗಬೇಕಾದ ಸೀರೆಗಳ ಕಟ್ಟು. ಶೇಖರ ಗಂಜಿ ಬಡಿಸುತ್ತಿರುವಾಗ ಫೋನು ಬರುತ್ತದೆ, ವಿಕಾಸ್ ಅವರದು. ಕಲ್ಯಾಣದಲ್ಲಿ ಮುಂದಿನ ಸಭೆ ಇಡಬೇಕಾಗಿದೆ. "ಆಂಟಿ, ಪೆಹಲೇ ಯೇ ಬತಾವೋ, ಅಲ್ಲಿ ನೀರು ಎಷ್ಟು ಗಂಟೆಗೆ?"

"ನನಗೇನು ಗೊತ್ತು ಮಗಾ? ಅಲ್ಲಿಯ ಹೆಂಗಸರ ಹತ್ರ ಕೇಳ್ಬೇಕು. ಕೇಳಿ ಆಮೇಲೆ ಟೈಮ್ ಇಡು," ಎಂದು ಫೋನು ಇಡುತ್ತಾರೆ. ಮುಖದಲ್ಲಿ ನಗುವಿದೆ, ಅದನ್ನು ಅಡಗಿಸುವ ಪ್ರಯತ್ನವನ್ನೂ ಮಾಡುವುದಿಲ್ಲ.

ಇಷ್ಟೆಲ್ಲ ದುಡಿದದ್ದಕ್ಕೆ ಪಕ್ಷದಿಂದ ಏನಾದರೂ ಬೇಕು ಎನಿಸಿದ್ದುಂಟೇ? "ಒಂದು ಭಾಷಣ ಶುರುವಿನಿಂದ ಮುಗಿಯುವ ತನಕ ಕುರ್ಚಿಯಲ್ಲಿ ಕೂತು ಕೇಳ್ಬೇಕು ಅಂತ ಆಸೆ ಉಂಟು. ಅವರು ಅಷ್ಟು ಹೊತ್ತು ಎಂತ ಹೇಳ್ತಾರೆ ಅಂತ ಗೊತ್ತಾಗ್ಬೇಕಲ್ಲ."

ಹಾಗಾದರೆ ಮುಂದಿನ ಸಲ ಮೊದಲ ಸಾಲಿನಲ್ಲಿ ಕೂರಿಸೋಣ ಎಂದು ಶೇಖರ ಅಡಿಗೆಮನೆಯಿಂದಲೇ ಆಶ್ವಾಸನೆ ಕೊಡುತ್ತಾರೆ.

"ಮೊದಲ ಸಾಲು ಬೇಡ," ಎಂದು ಪ್ರಫುಲ್ಲಕ್ಕ ಸೂಜಿಗೆ ದಾರ ಪೋಣಿಸುತ್ತಾರೆ. "ಕೊನೆಯ ಸಾಲು ಸಾಕು, ಆ ಬಿದಿರಿನ ಪಕ್ಕ. ಯಾರಾದರೂ ಎದ್ದರೆ ತೆಗೀಲಿಕ್ಕೆ ಕೈಗೆ ಸಿಗ್ತದೆ."