ಅತ್ತೆಗೆ ಪತ್ರಿಕೆ ಓದಿದ ಬ್ರೌಸರ್

ಅತ್ತೆಯ ಕಣ್ಣು ಮಂಜಾಗತೊಡಗಿದಾಗ ಮೊದಲು ಅವರ ಕೈಬಿಟ್ಟದ್ದು ದಿನಪತ್ರಿಕೆ. ಮನೆಯಲ್ಲಿ ಓಡಾಡಲು, ಒಲೆ ಹಚ್ಚಲು ತೊಂದರೆಯಿರಲಿಲ್ಲ. ಅಕ್ಷರ ಮಾತ್ರ ಕಲಸಿಹೋಗುತ್ತಿತ್ತು. ಅರಸೀಕೆರೆಯ ನಮ್ಮ ಮನೆಯದು ಕೊಬ್ಬರಿ ವ್ಯಾಪಾರ. ಮಾವ ತೀರಿಕೊಂಡ ಮೇಲೆ ಮಂಡಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಿದ್ದರೂ, ಧಾರಣೆಯ ವಿಷಯದಲ್ಲಿ ಅತ್ತೆಗೆ ಮಗನ ಮಾತು ಸಾಲದು, ಪತ್ರಿಕೆಯೇ ಹೇಳಬೇಕು. ಹಾಗಾಗಿ ಬೆಳಿಗ್ಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಾರನಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬಸ್ಸಿನ ಹೊತ್ತಾಗುವವರೆಗೆ ಎಷ್ಟು ಸಾಧ್ಯವೋ ಅಷ್ಟು ಓದುತ್ತಿದ್ದೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಆ ಓದೇ ನಮ್ಮ ದಿನದ ಮಾತುಕತೆ.

ಒಂದು ಭಾನುವಾರ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ, ಅತ್ತೆಯ ತಂಗಿಯ ಮನೆಗೆ ಹೋಗಿದ್ದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಒಂದು ಬ್ರೌಸರ್ ಪತ್ರಿಕೆಯ ಪುಟವನ್ನು ತಾನೇ ಓದುತ್ತಿತ್ತು, ಹೆಂಗಸಿನ ದನಿಯಲ್ಲಿ, ತಡವರಿಸದೆ. ಕೈಯಲ್ಲಿದ್ದ ಕಾಫಿ ಆರಿದರೂ ಅತ್ತೆ ಕೇಳುತ್ತಲೇ ಕೂತರು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು:

"ನಮ್ಮನೇಲೂ ಕಂಪ್ಯೂಟ್ರು ಐತಲ್ಲ, ಅದ್ರಲ್ಲಿ ಹಾಕಕ್ಕಾಗಲ್ವಾ?"

ನಮ್ಮದು ಹಳೆಯ ಲ್ಯಾಪ್‌ಟಾಪ್. ನಿಧಾನವಾಯಿತೆಂದು ನಾನೇ ಅದಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡಿದ್ದೆ. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಆ ಬ್ರೌಸರ್ ಮಾಡುವವರು ಅದನ್ನು ಕೆಲವು ಬಗೆಗಳಿಗಷ್ಟೇ ಸಿದ್ಧಪಡಿಸುತ್ತಾರೆ; ನನ್ನದು ಅವುಗಳಲ್ಲಿ ಇರಲಿಲ್ಲ. ಇನ್ನೊಂದು ಬಗೆಯ ಲಿನಕ್ಸ್‌ಗೆಂದು ಮಾಡಿದ ಕಡತವನ್ನು ತಂದು ಬಿಚ್ಚಿ ಕೂರಿಸಬಹುದು ಎಂದು ಯಾರೋ ಒಂದು ಚರ್ಚೆಯ ಪುಟದಲ್ಲಿ ಬರೆದಿದ್ದರು. ಜೊತೆಗೆ, ಇದಕ್ಕೆ ಬೆಂಬಲವಿಲ್ಲ ಎಂದೂ ಬರೆದಿದ್ದರು. ಅತ್ತೆ ಪಕ್ಕದಲ್ಲೇ ಕೂತಿದ್ದರಿಂದ ಅದನ್ನೂ ಓದಿ ಹೇಳಿದೆ.

"ಬೆಂಬಲ ಇಲ್ಲ ಅಂದ್ರೆ?"

"ಕೆಟ್ರೆ ಕೇಳೋರಿಲ್ಲ ಅಂತ, ಅತ್ತೆ."

"ಕೇಳಕ್ಕೆ ನಾನಿಲ್ವೇನಮ್ಮ? ಹಾಕು."

ಕೂರಿಸಿದೆ. ಬ್ರೌಸರ್ ತೆರೆಯಲಿಲ್ಲ. ಅದಕ್ಕೆ ಬೇಕಾದ ಒಂದು ಲೈಬ್ರರಿ, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕಡತ, ನನ್ನಲ್ಲಿ ಹಳೆಯದಾಗಿತ್ತು. ಹೊಸದನ್ನು ತಂದು ಹಳೆಯದರ ಜಾಗದಲ್ಲಿ ಹಾಕಿ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದೆ. ಈಗ ಏನೂ ಬರಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಶಾಲೆಯ ಪ್ರಶ್ನೆಪತ್ರಿಕೆಗಳೆಲ್ಲ ಅದರೊಳಗಿದ್ದವು. ನಾನು ಗುಂಡಿಗಳನ್ನು ಮತ್ತೆ ಮತ್ತೆ ಒತ್ತುವುದು ಅತ್ತೆಗೆ ಕೇಳಿಸಿತು.

"ಕೆಟ್ಟೋಯ್ತಾ?"

"ಹೂಂ."

"ನನ್ ದೆಸೆಯಿಂದ ನಿನ್ ಕೆಲ್ಸ ಹಾಳಾಯ್ತಲ್ಲ. ಬಿಡು, ಸಾಕು ಅದು."

ಅವರು ಎದ್ದು ಅಡುಗೆಮನೆಗೆ ಹೋದರು. ಸಿಟ್ಟು ನನಗೆ ಬಂದಿತ್ತು, ನಿಜ. ಅದು ಅವರ ಮೇಲಿನದಲ್ಲ. ಲಿನಕ್ಸ್ ತುಂಬಿಟ್ಟಿದ್ದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ, ಮೊದಲು ಪ್ರಶ್ನೆಪತ್ರಿಕೆಗಳನ್ನು ಹೊರತೆಗೆದೆ. ಆಮೇಲೆ ಹಳೆಯ ಲೈಬ್ರರಿಯನ್ನು ಅದರ ಜಾಗಕ್ಕೆ ಮರಳಿಸಿದೆ. ಪರದೆ ಬೆಳಗಿತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು.

ಮುಂದಿನ ರಜೆಯ ದಿನ ಮತ್ತೆ ಕೂತೆ, ಅತ್ತೆಗೆ ಹೇಳದೆ. ಈ ಸಲ ವ್ಯವಸ್ಥೆಯ ಯಾವ ಕಡತವನ್ನೂ ಮುಟ್ಟಲಿಲ್ಲ. ಹೊಸ ಲೈಬ್ರರಿಯನ್ನು ಬ್ರೌಸರಿನ ಫೋಲ್ಡರಿನಲ್ಲೇ ಇಟ್ಟು, ಅಲ್ಲಿಂದಲೇ ತೆಗೆದುಕೊಳ್ಳುವಂತೆ ಒಂದು ಸಾಲಿನ ಆದೇಶ ಬರೆದೆ. ಬ್ರೌಸರ್ ತೆರೆಯಿತು. ಪತ್ರಿಕೆಯ ಪುಟಕ್ಕೆ ಹೋಗಿ ಓದುವ ಗುಂಡಿ ಒತ್ತಿದೆ. ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆ ಆ ದನಿ ಕೇಳಿ, ಅಂಟಿನ ಕೈಯಲ್ಲೇ ಒಳಗೆ ಬಂದು ನಿಂತರು.

"ಅದೇ ಹೆಂಗ್ಸು ಕಣೇ!"

ನಾನೇನೋ ಹೇಳಹೊರಟೆ. ಸುಮ್ಮನಿರು ಎಂದು ಕೈ ಎತ್ತಿದರು. ದನಿ ಕೊಬ್ಬರಿ ಧಾರಣೆ ಓದಿತು, ಬೇಲೂರಿನ ರಸ್ತೆ ದುರಸ್ತಿಯ ಸುದ್ದಿ ಓದಿತು. 'ತಾ.' ಎಂದು ಇರುವಲ್ಲೆಲ್ಲ ತಾಲ್ಲೂಕು ಅನ್ನದೆ ಬರೀ 'ತಾ' ಅಂದಿತು. ಪ್ರತಿ ಸಲವೂ ಅತ್ತೆ, "ಏನ್ ತರ್ಬೇಕಂತೆ ಇವ್ಳಿಗೆ?" ಎಂದು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನನ್ನ ಬೆಳಗಿನ ಓದು ನಿಂತಿತು. ಬಸ್ಸಿಗೆ ಓಡುವುದು ತಪ್ಪಿತು; ಕಾಫಿ ಕುಡಿಯಲು ಪುರುಸೊತ್ತು ಸಿಕ್ಕಿತು. ಪುಟ ತೆರೆದು ಗುಂಡಿ ಒತ್ತಿಕೊಟ್ಟರೆ ಒಳಗಿನ ಕೋಣೆಯಲ್ಲಿ ಆ ದನಿ ಓದುತ್ತಿರುತ್ತಿತ್ತು, ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಕೆಲವು ದಿನ, ಇಡೀ ದಿನದಲ್ಲಿ ಅತ್ತೆಗೂ ನನಗೂ ಊಟದ ವಿಷಯ ಬಿಟ್ಟರೆ ಬೇರೆ ಮಾತಿಲ್ಲ ಎಂಬುದು ಗಮನಕ್ಕೆ ಬಂತು. ಕೂರಿಸದೆ ಇದ್ದಿದ್ದರೆ ಎಂದು ಒಮ್ಮೆ ಅನ್ನಿಸಿತು.

ಆದರೆ ನಾನು ಓದುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು ಆ ಬ್ರೌಸರ್ ಓದುತ್ತಿತ್ತು. ಸಂಜೆ ನಾನು ಬಂದು ಕಾಲು ತೊಳೆಯುವಾಗಲೇ ಅತ್ತೆ ಬಾಗಿಲಲ್ಲಿ ನಿಂತು ಶುರುಮಾಡುತ್ತಿದ್ದರು: ಅರೇಹಳ್ಳಿ ಕಡೆ ಆನೆ ಬಂದಿದ್ದು, ರೈಲಿನ ವೇಳೆ ಬದಲಾಗಿದ್ದು, ಯಾವುದೋ ದೇಶದ ಚುನಾವಣೆ. ನಾನು "ಹೌದಾ?" ಅನ್ನುತ್ತಿದ್ದೆ. ಒಂದು ಸಂಜೆ ಸುದ್ದಿಯೆಲ್ಲ ಮುಗಿದ ಮೇಲೆ ಅವರು ಬಾಗಿಲಿನಿಂದ ಕದಲಲಿಲ್ಲ.

"ನಿನ್ ಸ್ಕೂಲಲ್ಲಿ ಏನಾಯ್ತೇ ಇವತ್ತು?" ಎಂದರು.

ಹಾಗೆ ಕೇಳಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಕೂತು ಹೇಳಿದೆ. ಆ ದಿನ ಅಡುಗೆ ತಡವಾಯಿತು.