ಶೀತಲನ ಗಾಡಿಯ ಕೆಂಪು ದೀಪ

ಹಿಂದಿನ ಸೀಟಿನಲ್ಲಿ ಕೂತರೆ ರಾಜಮತಿಗೆ ವಾಂತಿ ಬರುತ್ತಿತ್ತು. ಅದಕ್ಕೇ ಅವಳು ಯಾವಾಗಲೂ ಗಂಡನ ಪಕ್ಕದಲ್ಲೇ ಕೂರುತ್ತಿದ್ದಳು. ಗಂಡ ಶೀತಲ ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ. ಬಸದಿಗೆ, ಮದುವೆಗಳಿಗೆ ಇಡೀ ಮನೆ ಒಟ್ಟಿಗೆ ಹೋಗಲೆಂದು ಏಳು ಸೀಟಿನ ದೊಡ್ಡ ಗಾಡಿ ತಂದಿದ್ದ.

ಗಾಡಿ ನಿಲ್ಲುತ್ತಿದ್ದುದು ಒಣದ್ರಾಕ್ಷಿಯ ಶೆಡ್ಡಿನಲ್ಲಿ. ಅಲ್ಲಿ ಇಲಿಗಳ ಕಾಟ. ಬಳ್ಳಿ ಕತ್ತರಿಸುವ ಚಾಟ್ನಿಯ ಹೊತ್ತಿಗೆ ಸ್ಟೇರಿಂಗಿನ ಹಿಂದೆ ಕೆಂಪು ದೀಪವೊಂದು ಹೊತ್ತಿಕೊಂಡು ಆರದೆ ಉಳಿಯಿತು. ಕೂತ ಮನುಷ್ಯನ ಮುಂದೆ ದೊಡ್ಡ ಚೆಂಡು ಇಟ್ಟಂಥ ಚಿತ್ರ.

"ಇದೇನ್ರಿ?"

"ಏರ್‌ಬ್ಯಾಗಿಂದು. ಸೀಟಿನ ಬುಡಕ ಇಲಿ ವಾಯರ್ ಕಡದಿರಬೇಕು. ಗಾಡಿಯೇನು ನಿಂತಿಲ್ಲಲ್ಲ. ಚಾಟ್ನಿ ಮುಗೀಲಿ, ಶೋರೂಮಿಗೆ ಒಯ್ತೀನಿ."

ಚಾಟ್ನಿ ಮುಗಿಯಿತು. ಔಷಧ ಹೊಡೆಯುವ ಕೆಲಸ ಶುರುವಾಯಿತು, ಬಸುರಿ ನಾದಿನಿಯ ಕುಬಸ ಬಂತು. ದೀಪ ಉರಿಯುತ್ತಲೇ ಇತ್ತು. ಒಂದು ದಿನ ರಾಜಮತಿ ಬೇಸತ್ತು, ಪರ್ಸಿನಿಂದ ಹಣೆಗಿಡುವ ಟಿಕಳಿಯೊಂದನ್ನು ತೆಗೆದು ಅದರ ಮೇಲೆ ಅಂಟಿಸಿದಳು. ಶೀತಲ ಜೋರಾಗಿ ನಕ್ಕ. ಆಮೇಲೆ ಇಬ್ಬರೂ ಅದನ್ನು ಮರೆತರು.

ಕಬ್ಬಿನ ಹಂಗಾಮು ಅದು. ಇಬ್ಬರೇ ಉಗಾರ ಖುರ್ದಕ್ಕೆ ಹೊರಟಿದ್ದ ಮುಂಜಾನೆ, ಹೊಲದ ಹಾದಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಮ್ಮೆಲೇ ರಸ್ತೆಗೆ ಬಂತು. ಶೀತಲ ಬ್ರೇಕ್ ಒತ್ತಿದ. ಗಾಡಿಯ ಮೂತಿ ಟ್ರಾಲಿಗೆ ಅಪ್ಪಳಿಸಿತು. ಬೆಲ್ಟ್ ಇಬ್ಬರೂ ಹಾಕಿದ್ದರು. ಏರ್‌ಬ್ಯಾಗ್ ಮಾತ್ರ ಒಂದೂ ತೆರೆಯಲಿಲ್ಲ. ರಾಜಮತಿಯ ಕೈ ಮುರಿಯಿತು. ಸ್ಟೇರಿಂಗ್ ಎದೆಗೆ ಬಡಿದಿದ್ದ ಶೀತಲ ಮಿರಜದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದ.

"ಅದು ತೆರದಿದ್ರ ಉಳೀತಿದ್ರೇನ್ರಿ?" ಎಂದು ಅವಳು ಡಾಕ್ಟರರನ್ನು ಕೇಳಿದಳು.

"ಉಳೀತಿದ್ರೋ ಏನೋ. ಖಾತ್ರಿ ಹೇಳಾಕ ಬರೂದಿಲ್ಲವ್ವಾ" ಎಂದರು ಅವರು.

ಹದಿನೈದು ದಿನ ಕಳೆದ ಮೇಲೆ ಮೈದುನ ಸಂಜಯ ಶೋರೂಮಿನ ಮೇಲೆ ಕೇಸು ಹಾಕಲು ವಕೀಲರನ್ನು ಮನೆಗೇ ಕರೆತಂದ. ಗಾಡಿಯಲ್ಲಿ ಮೊದಲೇ ಏನಾದರೂ ದೋಷ ಕಂಡಿತ್ತೇ ಎಂದು ವಕೀಲರು ಕೇಳಿದರು. ಸಂಜಯ ಇಲ್ಲವೆನ್ನುವಷ್ಟರಲ್ಲಿ ರಾಜಮತಿ ಬಾಯಿಬಿಟ್ಟಳು.

"ದೀಪ ಹತ್ತಿತ್ರಿ. ನಮಗ ಗೊತ್ತಿತ್ತು. ಕಣ್ಣಿಗೆ ಕಾಣಬಾರದಂತ ನಾನೇ ಟಿಕಳಿ ಹಚ್ಚಿನಿ."

"ವೈನಿ, ಸುಮ್ನಿರ್ರಿ!" ಎಂದ ಸಂಜಯ.

ಒಳಬಾಗಿಲಲ್ಲಿ ಕೂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತು. ಮುದುಕಿ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಕೇಸು ಅಲ್ಲಿಗೇ ನಿಂತಿತು. ಸಂಜಯ ತನ್ನ ಪಾಲಿನ ತೋಟ ಬೇರೆ ಮಾಡಿಕೊಂಡ. ಈಗ ರಾಜಮತಿಯೇ ಆಳುಗಳನ್ನು ಕರೆದು ಚಾಟ್ನಿ ಮಾಡಿಸುತ್ತಾಳೆ. ಮುರಿದ ಕೈ ಪೂರ್ತಿ ಮೇಲೇಳುವುದಿಲ್ಲ. ಎತ್ತರದ ಬಳ್ಳಿ ಬೇರೆಯವರೇ ಕತ್ತರಿಸಬೇಕು.

ಅತ್ತೆ ಅವಳ ಜೊತೆಯಲ್ಲೇ ಇದ್ದಾಳೆ. ಹೊತ್ತು ಮುಳುಗುವ ಮೊದಲು ಸೊಸೆ ಬಡಿಸಿದ ರೊಟ್ಟಿ ಉಣ್ಣುತ್ತಾಳೆ. "ಇನ್ನೊಂದು ಹಾಕ್ಲೇನ್ರಿ, ಅತ್ತಿ?" ಎಂದು ಅವಳು ದಿನವೂ ಕೇಳುತ್ತಾಳೆ. ಮುದುಕಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ, ಮಾತಾಡುವುದಿಲ್ಲ.